ಒಂಬತ್ತನೆಯ ಫೈಲು

ಧಪ್ಪೆಂದು ಸ್ಪೀಕರ್ ಪೆಟ್ಟಿಗೆ ಅಂಗಡಿಯ ಮೇಜಿನ ಮೇಲೆ ಕೂತ ಸದ್ದಿಗೆ ಕೋನಣ್ಣ ತಲೆ ಎತ್ತಿದ. ದಪ್ಪ ಸದ್ದುಗಳು ಅವನಿಗೆ ಇನ್ನೂ ಚೆನ್ನಾಗಿಯೇ ಕೇಳಿಸುತ್ತಿದ್ದವು: ಲಾರಿಯ ಎಂಜಿನ್ನು, ಮೇಲಿನ ಮಹಡಿಯವರು ಮಂಚ ಎಳೆಯುವುದು, ಗಂಡಸರ ಕೆಮ್ಮು. ತೆಳ್ಳಗಿನ ಸದ್ದುಗಳು ಮಾತ್ರ, ಹೇಳದೆ ಕೇಳದೆ ಮನೆ ಬಿಟ್ಟವರ ಹಾಗೆ, ಒಂದೊಂದಾಗಿ ಹೊರಟುಹೋಗಿದ್ದವು.

“ಕೋನಣ್ಣ, ಇದು ಮತ್ತೆ ಕೊಸರ್ತಿದೆ ನೋಡಿ, ಗೊರಗೊರ ಅಂತ,” ಎಂದರು ಸೌಂಡಿನ ಯಜಮಾನರು. ಸಭೆ ಸಮಾರಂಭಗಳಿಗೆ ಮೈಕು, ಸ್ಪೀಕರು ಬಾಡಿಗೆಗೆ ಕೊಡುವ ಅವರು ಇಪ್ಪತ್ತು ವರ್ಷದಿಂದ ತಮ್ಮ ಸ್ಪೀಕರುಗಳನ್ನು ಬೇರೆಯವರ ಕೈಗೆ ಕೊಟ್ಟವರಲ್ಲ. “ಮೊನ್ನೆ ಭಾಷಣ ಮಾಡೋರ ಬಾಯಿಂದ ಸೊಳ್ಳೆ ಹಾರಿ ಬಂದ ಹಾಗೆ ಕೇಳಿಸ್ತಂತೆ. ಹಿಂದಿನ ಸಾಲಲ್ಲಿ ಕೂತವರು ಕೆನ್ನೆ ಕೆನ್ನೆ ಹೊಡ್ಕೊಂಡ್ರಂತೆ.”

“ಭಾಷಣ ಕೇಳಿ ಹೊಡ್ಕೊಂಡಿರ್ತಾರೆ ಬಿಡಿ.”

ಯಜಮಾನರು ನಕ್ಕರು. ನಗು ಬೇಗ ಮುಗಿಯಿತು. “ಈ ವರ್ಷ ವಾಪಸ್ ಬಂದಿದ್ದು ಇದು ನಾಲ್ಕನೇದು. ನಿಮ್ಮ ಕೈಗೆ ಏನಾಗಿದೆ?”

“ಅಂಟು ಸರಿಯಿಲ್ಲ ಯಜಮಾನ್ರೇ. ಈಗಿನ ಅಂಟೇ ಹಾಗೆ.”

“ಹಾಗಾದ್ರೆ ಅಂಟು ಬದಲಾಯಿಸಿ. ಇನ್ನು ಮೂರು ವಾರಕ್ಕೆ ದೊಡ್ಡ ಸಭಾಂಗಣದ ಕೆಲಸ ಇದೆ. ಆರು ಸ್ಪೀಕರ್ ಕಳಿಸ್ತೀನಿ. ಅದರಲ್ಲಿ ಒಂದು ಕೊಸರಿದ್ರೂ ನಾನು ಬೇರೆ ಕಡೆ ನೋಡ್ಕೋಬೇಕಾಗುತ್ತೆ. ಬೇಜಾರು ಮಾಡ್ಕೋಬೇಡಿ. ನಮ್ಮ ಹುಡುಗರಿಗೆ ಜಾಗ್ರತೆ ಹೇಳಿ ಹೇಳಿ ಸಾಕಾಗಿದೆ, ಕಿವುಡನ ಮುಂದೆ ಶಂಖ ಊದಿದ ಹಾಗೆ. ನೀವಾದ್ರೂ ನೋಡ್ಕೊಳ್ಳಿ.”

ಶಂಖದ ಮಾತಿಗೆ ಕೋನಣ್ಣ ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ನಕ್ಕ.

ಹರಿದ ಸ್ಪೀಕರಿಗೆ ಹೊಸ ಕೋನ್, ಅಂದರೆ ಸದ್ದಿಗೆ ನಡುಗುವ ಕಾಗದದ ಬಟ್ಟಲು, ಹಾಕುವುದು ಅವನ ಕಸುಬು. ಹದಿನಾರನೇ ವಯಸ್ಸಿಗೆ ಹಿಡಿದದ್ದು, ಈಗ ಐವತ್ತೊಂದು. ಅದರಿಂದಲೇ ಬೀದಿಯವರಿಗೆಲ್ಲ ಅವನು ಕೋನಣ್ಣ; ಸಿಟ್ಟು ಬಂದಾಗ ಹೆಂಡತಿ ಅದನ್ನೇ ಒಂದಿಷ್ಟು ಒತ್ತಿ ಕೋಣಣ್ಣ ಮಾಡುತ್ತಿದ್ದಳು. ಹಳೆಯ ಕೋನನ್ನು ಬ್ಲೇಡಿನಿಂದ ಕೊಯ್ದು ತೆಗೆದು, ಅಯಸ್ಕಾಂತದ ನಡುವೆ ಬಳೆಯಂತಿರುವ ಸಂದನ್ನು ಒರೆಸಿ, ಅದರೊಳಗೆ ತಂತಿ ಸುತ್ತಿದ ಕಾಯಿಲನ್ನು ಇಳಿಸಬೇಕು. ಸುತ್ತ ಉಳಿಯುವುದು ಕೂದಲೆಳೆಯಷ್ಟು ಜಾಗ. ಕಾಯಿಲು ಯಾವ ಪಕ್ಕಕ್ಕೂ ತಾಗದಂತೆ ಹಳೆಯ ಎಕ್ಸ್‌ರೇ ಹಾಳೆಯನ್ನು ಪಟ್ಟಿಯಾಗಿ ಕತ್ತರಿಸಿ ಸಿಕ್ಕಿಸಿ, ಅಂಟು ಹಾಕಿ, ಒಂದು ಹಗಲು ಒಂದು ರಾತ್ರಿ ಬಿಡಬೇಕು. ಆಮೇಲೆ ಪಟ್ಟಿಗಳನ್ನು ಎಳೆದು, ಎರಡೂ ಕೈಯ ಬೆರಳುಗಳಿಂದ ಕೋನನ್ನು ಮೆಲ್ಲಗೆ ಅದುಮಿ, ಕಿವಿ ಹತ್ತಿರ ತಂದು ಕೇಳಬೇಕು. ರೇಷ್ಮೆ ಸವರಿದಂಥ ಸರಸರ ಕೇಳಿಸಿದರೆ ಕಾಯಿಲು ಎಲ್ಲೋ ಉಜ್ಜುತ್ತಿದೆ ಎಂದರ್ಥ. ಕಿತ್ತು ಮತ್ತೆ ಕೂರಿಸಬೇಕು. ಏನೂ ಕೇಳಿಸದಿದ್ದರೆ ಕೆಲಸ ಸರಿಯಾಗಿದೆ.

ಒಂದು ವರ್ಷದಿಂದ ಕೋನಣ್ಣನಿಗೆ ಯಾವ ಸ್ಪೀಕರಿನಲ್ಲೂ ಏನೂ ಕೇಳಿಸಿರಲಿಲ್ಲ. ಎಲ್ಲವೂ ಸರಿಯಾಗಿದ್ದವು.

ಅಂಟಿನದಲ್ಲ ತಪ್ಪು ಎಂಬ ಅನುಮಾನ ಅವನಿಗೂ ಇತ್ತು. ಆದರೆ ಕಿವಿಯ ಡಾಕ್ಟರ ಹತ್ತಿರ ಹೋದರೆ ಅವರು ಕಾಗದದ ಮೇಲೆ ಗೆರೆ ಎಳೆದು ಕೊಡುತ್ತಾರೆ. ಕಾಗದಕ್ಕೆ ಕಾಲಿರುತ್ತದೆ. ಕಿವಿ ಕೇಳದ ಸ್ಪೀಕರ್ ರಿಪೇರಿಯವನ ಅಂಗಡಿಗೆ ಯಾರು ಬರುತ್ತಾರೆ? ಈ ಕಸುಬು ಬಿಟ್ಟರೆ ಅವನಿಗೆ ಬೇರೇನೂ ಬರುತ್ತಿರಲಿಲ್ಲ. ಹೆಂಡತಿ ದೊಡ್ಡಾಸ್ಪತ್ರೆಯಲ್ಲಿ ಟೋಕನ್ ಕೊಡುವ ಕಿಟಕಿಯ ಹಿಂದೆ ಕೂರುವವಳು. ಟೀವಿಯ ಸದ್ದು ದಿನಕ್ಕೊಂದು ಗೆರೆ ಏರುತ್ತಿದ್ದುದನ್ನು ನೋಡಿ ಒಮ್ಮೆ, “ರೀ, ನಿಮಗೊಂದು ಟೋಕನ್ ಹರಿದಿಡ್ಲಾ? ಸಾಲಲ್ಲಿ ನಿಲ್ಲೋದು ತಪ್ಪುತ್ತೆ,” ಎಂದಿದ್ದಳು.

“ನಿನ್ನ ದನಿಯೇ ಕಮ್ಮಿ ಆಗಿದೆ. ದಿನವಿಡೀ ಗಾಜಿನ ಹಿಂದೆ ಮಾತಾಡಿ.”

“ಹೌದೌದು. ಊರಿನ ಬಾಗಿಲು ಬೆಲ್ಲುಗಳಿಗೂ ಗಂಟಲು ಕಟ್ಟಿದೆ,” ಎಂದು ಅವಳು ಒಳಗೆ ಹೋಗಿದ್ದಳು. ಅದಾದ ಮೇಲೆ ಆ ಮಾತು ಎತ್ತಿರಲಿಲ್ಲ.

ಅಂಗಡಿಯ ಎದುರಿನ ಜೆರಾಕ್ಸಿನವನು ಒಂದು ಮಧ್ಯಾಹ್ನ ಕರೆದು ತನ್ನ ಕಂಪ್ಯೂಟರು ತೋರಿಸದೇ ಹೋಗಿದ್ದರೆ ಗೇಮಿನ ಉಸಾಬರಿಯೇ ಇರುತ್ತಿರಲಿಲ್ಲ. ಗಿರಾಕಿ ಇಲ್ಲದಾಗ ಅವನು ಕಂಪ್ಯೂಟರಿನಲ್ಲಿ ಹಳೆಯ ಕಾಲದ ಗೇಮುಗಳನ್ನು ಆಡುತ್ತಿದ್ದ; ಟೀವಿಗೆ ಸಿಕ್ಕಿಸಿ, ದಪ್ಪ ಕ್ಯಾಸೆಟ್ಟು ತುರುಕಿ ಆಡುತ್ತಿದ್ದಂಥವು. ಅವನ ಪರದೆಯ ಮೇಲೆ ಅಂದು ಸಣ್ಣ ದೋಣಿಯೊಂದು ನೀರಿನಲ್ಲಿ ನಿಂತಿತ್ತು.

“ಇದು ದೋಣಿ ಗೇಮಲ್ಲವಾ?” ಎಂದ ಕೋನಣ್ಣ.

“ಅಯ್ಯೋ, ನಿಮಗೆ ಗೊತ್ತಾ ಅಣ್ಣ?”

ಗೊತ್ತಿಲ್ಲದೆ ಏನು. ಇಪ್ಪತ್ತೈದು ವರ್ಷದ ಹಿಂದೆ ಗಂಟೆ ಲೆಕ್ಕದಲ್ಲಿ ಗೇಮ್ ಆಡಲು ಬಿಡುವ ಅಂಗಡಿಯೊಂದಿತ್ತು. ಎಂಟು ಟೀವಿ, ಎಂಟು ಸ್ಟೂಲು, ಬಾಗಿಲ ಬಳಿ ಬಿಲ್ಲೆ ಕೊಡಲು ಕೂತ ಒಬ್ಬಳು ಹುಡುಗಿ. ಕೂಗಿ ಕೂಗಿ ಒಡೆದ ಟೀವಿ ಸ್ಪೀಕರುಗಳನ್ನು ರಿಪೇರಿ ಮಾಡಲು ಕೋನಣ್ಣ ಹೋಗುತ್ತಿದ್ದ. ದೋಣಿ ಗೇಮಿನಲ್ಲಿ ಒಂದು ಕೆರೆ ಬರುತ್ತದೆ. ಅಲ್ಲಿ ಶತ್ರುಗಳಿಲ್ಲ, ಸಾಯುವ ಭಯವಿಲ್ಲ. ಆಡುವವರು ನೀರು ಕುಡಿಯಲು, ಬೀಡಿ ಸೇದಲು ಎದ್ದು ಹೋಗುವಾಗ ದೋಣಿಯನ್ನು ಅಲ್ಲಿ ಬಿಟ್ಟು ಹೋಗುತ್ತಿದ್ದರು. ಹೀಗಾಗಿ ಯಾವುದಾದರೊಂದು ಟೀವಿಯಿಂದ ಕೆರೆಯ ರಾಗ ದಿನವಿಡೀ ಬರುತ್ತಲೇ ಇತ್ತು: ಮೂರು ಗಿಡ್ಡ ಸ್ವರ, ಒಂದು ಉದ್ದ, ಮತ್ತೆ ಮೂರು ಗಿಡ್ಡ, ಒಂದು ಉದ್ದ. ಬಿಲ್ಲೆಯ ಹುಡುಗಿ ಅದನ್ನು ಕೇಳಿ ಕೇಳಿ ಚಿಲ್ಲರೆಯನ್ನೂ ಅದೇ ತಾಳಕ್ಕೆ ಎಣಿಸುತ್ತಿದ್ದಳು. ಮೂರನೇ ಸಲ ಹೋದಾಗ ಕೋನಣ್ಣ ಒಂದು ಸ್ಪೀಕರನ್ನು ಬೇಕೆಂದೇ ಸೊಟ್ಟ ಕೂರಿಸಿ ಬಂದ, ನಾಲ್ಕನೇ ಸಲ ಕರೆಯಲೆಂದು. ಕರೆ ಬಂತು. ಮದುವೆಯಾದ ಮೇಲೆ ಇದನ್ನು ಹೇಳಿದಾಗ ಅವಳು, “ನನಗೆ ಅವತ್ತೇ ಗೊತ್ತಿತ್ತು. ಅಷ್ಟು ಕೆಟ್ಟ ಕೆಲಸ ಬೇಕಂತಲೇ ಮಾಡ್ಬೇಕು,” ಎಂದಿದ್ದಳು.

“ಈಗ ಇದರ ಹಾಡುಗಳನ್ನೆಲ್ಲ ಯಾರೋ ದೊಡ್ಡ ವಾದ್ಯಮೇಳದಲ್ಲಿ ಹೊಸದಾಗಿ ನುಡಿಸಿ ಹಾಕಿದ್ದಾರಣ್ಣ,” ಎಂದ ಜೆರಾಕ್ಸಿನವನು. “ಮೊದಲು ಎಮ್ಯುಲೇಟರ್ ಹಾಕ್ಬೇಕು. ಅಂದ್ರೆ ಇಲ್ಲದ ಯಂತ್ರ ಇದೆ ಅಂತ ಕಂಪ್ಯೂಟರಿಗೆ ನಂಬಿಸೋದು. ಆಮೇಲೆ ಗೇಮಿಗೊಂದು ತೇಪೆ ಹಾಕ್ಬೇಕು. ತೇಪೆ ಬಿದ್ದ ಮೇಲೆ ಗೇಮು ತನ್ನ ಹಳೇ ಪೀಪಿ ಊದೋದು ಬಿಡುತ್ತೆ. ಒಂದನೇ ಫೈಲ್ ಹಾಕು, ಎರಡನೇ ಫೈಲ್ ಹಾಕು ಅಂತ ಕೇಳುತ್ತೆ. ಸಿಕ್ಕಿದ್ರೆ ಹಾಡು. ಸಿಗದಿದ್ರೆ ಸುಮ್ನಿರುತ್ತೆ. ತಪ್ಪಾಗಿದೆ ಅಂತ ಒಂದು ಮಾತೂ ಹೇಳಲ್ಲ. ಥೇಟ್ ನಮ್ಮ ಮಾವನವರ ಥರ. ಸಿಟ್ಟು ಬಂದ್ರೆ ಬೈಯಲ್ಲ, ಮಾತು ನಿಲ್ಲಿಸ್ತಾರೆ.”

ಕೋನಣ್ಣನಿಗೆ ಆಗಲೇ ಹೊಳೆದದ್ದು. ಆ ರಾಗ ಅವನಿಗೆ ಅಂಗೈಯ ಗೆರೆಯಷ್ಟು ಗೊತ್ತು. ಸ್ವರಕ್ಕೆ ಸ್ವರ ಕೇಳಿಸಿದರೆ ಕಿವಿ ನೆಟ್ಟಗಿದೆ, ಅಂಟೇ ಕೆಟ್ಟದ್ದು. ಡಾಕ್ಟರೂ ಬೇಡ, ಕಾಗದವೂ ಬೇಡ. ಹೆಂಡತಿಗೆ ಮಾತ್ರ, “ಇವಳೇ, ನಿನ್ನ ಕೆರೆ ಹಾಡು ವಾಪಸ್ ತರ್ತೀನಿ,” ಎಂದು ಹೇಳಿದ. ಅವಳು ಬಟ್ಟೆ ಮಡಚುತ್ತಿದ್ದವಳು ಕೈ ನಿಲ್ಲಿಸಿ ಅವನ ಮುಖ ನೋಡಿದಳು. “ತನ್ನಿ,” ಎಂದಳು.

ಮನೆಯ ಮುಂಕೋಣೆಯಲ್ಲಿ ಹಳೆಯ ಕಂಪ್ಯೂಟರು, ಅವನೇ ಕಟ್ಟಿದ ಆಂಪ್ಲಿಫಯರು, ಅವನೇ ಕೋನ್ ಹಾಕಿದ ಎರಡು ಸ್ಪೀಕರು. ಮೊದಲ ವಾರ ಗೇಮೇ ಏಳಲಿಲ್ಲ. ತೇಪೆ ಹಾಕಿದ್ದು ಬೇರೆ ದೇಶಕ್ಕೆಂದು ಮಾಡಿದ ಗೇಮಿಗೆ. ಪರದೆ ಕಪ್ಪಗೆ ನಿಂತುಬಿಡುತ್ತಿತ್ತು. ಸರಿಯಾದ ಗೇಮು ಹುಡುಕಿ, ತೇಪೆ ಮತ್ತೆ ಹಾಕಿ, ಇಪ್ಪತ್ತೆರಡು ಹಾಡಿನ ಫೈಲುಗಳಿಗೂ ಗೇಮಿನ ಹೆಸರನ್ನೇ ಇಟ್ಟು, ಕೊನೆಗೆ ಅಂಕಿ ಹಾಕಿದ. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಒಂದೊಂದನ್ನೂ ನೋಡಿದ. ಹಾಡು ಮುಗಿದಾಗ ಮೊದಲಿಗೆ ಹೋಗದೆ ನಡುವೆ ಗುರುತು ಹಾಕಿದ ಜಾಗಕ್ಕೆ ಹಾರಬೇಕು. ಆ ಗುರುತಿನ ಅಂಕಿಯನ್ನೂ ಒಂದೊಂದರಲ್ಲಿ ತಾಳೆ ನೋಡಿದ.

ಎರಡನೇ ಭಾನುವಾರ ಬೆಳಿಗ್ಗೆ ಗೇಮು ಎದ್ದಿತು. ಶುರುವಿನಲ್ಲೇ ನಗಾರಿ, ಅದರ ಹಿಂದೆ ದೊಡ್ಡ ಪಿಟೀಲುಗಳ ಒರಟು ದನಿ. ಅವನ ಸ್ಪೀಕರಿನ ಕೋನು ಉಸಿರಾಡುವ ಎದೆಯ ಹಾಗೆ ಏರಿ ಇಳಿಯಿತು. ಕೋನಣ್ಣನ ಕಣ್ಣು ತುಂಬಿ ಬಂತು. ಎಲ್ಲ ಕೇಳಿಸುತ್ತಿತ್ತು. ಒಂದನೆಯದು, ಎರಡನೆಯದು, ಎಂಟನೆಯದರವರೆಗೆ. ಹೆಂಡತಿ ಡ್ಯೂಟಿಗೆ ಹೋಗಿದ್ದಳು. ದೋಣಿ ಕೆರೆಗೆ ಇಳಿಯಿತು.

ಹುಟ್ಟು ಹಾಕುವ ಬಡ್ ಬಡ್ ಸದ್ದು ಮಾತ್ರ ಬಂತು. ಅದು ಗೇಮಿನದೇ ಸದ್ದು, ಹಾಡಿನದಲ್ಲ. ಹಾಡು ಇರಲಿಲ್ಲ. ಐದು ನಿಮಿಷ ಕಾದ. ದೋಣಿ ಬಿಳಿ ನೀರಿನಲ್ಲಿ ಸುಮ್ಮನೆ ತೂಗುತ್ತಿತ್ತು.

ಮೊದಲು ಕೈ ತಾನಾಗಿಯೇ ಕಿವಿಗೆ ಹೋಯಿತು. ಮರುಕ್ಷಣವೇ ಜೆರಾಕ್ಸಿನವನ ಮಾವ ನೆನಪಾದರು. ಫೈಲು ಸಿಗದಿದ್ದರೆ ಸುಮ್ಮನಿರುತ್ತದೆ. ಒಂಬತ್ತನೆಯ ಫೈಲು ಕೆಟ್ಟಿದೆ, ಅಷ್ಟೇ. ಮುಂದಿನವನ್ನೂ ಹಾಕಿ ನೋಡಿದ; ಉಳಿದದ್ದೆಲ್ಲ ಕೇಳಿಸಿತಲ್ಲ? ಅನುಮಾನ ಬೇಡವೆಂದು ತೇಪೆಯಿಲ್ಲದ ಹಳೆಯ ಗೇಮನ್ನೂ ಹಾಕಿ ಕೆರೆಗೆ ಹೋದ. ಪೀಪಿಯ ಗುಂಯ್ ದನಿಯಲ್ಲಿ ರಾಗ ಬಂತು, ಮೂರು ಗಿಡ್ಡ, ಒಂದು ಉದ್ದ. ಅದರಲ್ಲಿ ಎಷ್ಟು ಕಿವಿಯಿಂದ ಬಂತು, ಎಷ್ಟನ್ನು ನೆನಪು ತುಂಬಿಕೊಟ್ಟಿತು ಎಂದು ಅವನು ಅಳೆಯಲು ಹೋಗಲಿಲ್ಲ.

ಆಮೇಲಿನ ಹತ್ತು ದಿನ ಕೋನಣ್ಣ ಸಿಳ್ಳೆ ಹಾಕಿಕೊಂಡು ಓಡಾಡಿದ. ಆ ಭಾನುವಾರ ಸಂಜೆಯೇ ಹೆಂಡತಿಗೆ, “ಎಲ್ಲ ಬಂತು, ಒಂಬತ್ತನೇದು ಮೂಕ. ಸರಿ ಮಾಡಿ ಕೇಳಿಸ್ತೀನಿ, ಅಲ್ಲೀವರೆಗೆ ಮುಟ್ಟಬೇಡ,” ಎಂದ. ಯಜಮಾನರ ಆರು ಸ್ಪೀಕರುಗಳು ಬಂದಿದ್ದವು. ಹೊಸ ಅಂಟು ತಂದ. ಆರನ್ನೂ ಒಂದು ವಾರದಲ್ಲಿ ಮುಗಿಸಿ, ಒಂದೊಂದಕ್ಕೂ ಕಿವಿ ಕೊಟ್ಟು, ಒಂದರಲ್ಲೂ ಏನೂ ಕೇಳಿಸದೆ, ಶನಿವಾರ ವ್ಯಾನಿಗೆ ಹತ್ತಿಸಿದ. ಸೋಮವಾರ ಬೆಳಿಗ್ಗೆ ಸಭೆ.

ಒಂಬತ್ತನೆಯ ಫೈಲು ಮಾತ್ರ ಬಾಯಿ ಬಿಡಲಿಲ್ಲ. ಅಳಿಸಿ ಮತ್ತೆ ಇಳಿಸಿಕೊಂಡ. ಕೊನೆಗೆ ವ್ಯಾನು ಹೋದ ಮೇಲೆ ಎದುರಿನ ಅಂಗಡಿಗೆ ಹೋಗಿ ಕೂತ.

“ನನ್ನ ಹತ್ರ ಬರ್ತಿದೆಯಲ್ಲಣ್ಣ,” ಎಂದ ಜೆರಾಕ್ಸಿನವನು. “ಇಂಪಾಗಿದೆ. ಪೂರಾ ಸಣ್ಣ ಸಣ್ಣ ಗಂಟೆ, ಗಾಜಿನ ಲೋಟ ತಟ್ಟಿದ ಹಾಗೆ. ಮೇಲೆ ಒಂದು ಎಳೆ ಪಿಟೀಲು.”

“ನಿನ್ನ ಹತ್ರ ಇರೋದು ಬೇರೆ ಫೈಲು ಕಣಪ್ಪ.”

“ಅದೇ ಅಣ್ಣ. ಇಲ್ಲಿಂದ್ಲೇ ತಾನೇ ನೀವು ತಗೊಂಡು ಹೋಗಿದ್ದು?”

“ಹಾಗಾದ್ರೆ ನನ್ನ ಎಮ್ಯುಲೇಟರ್ ಸರಿ ಇಲ್ಲ.”

“ಉಳಿದ ಇಪ್ಪತ್ತೊಂದು ಹಾಡಿಗೆ ಸರಿ ಇದೆಯಂತೆ, ಇದೊಂದಕ್ಕೆ ಇಲ್ವಂತೆ. ಕುಣಿಯಲಾರದವಳಿಗೆ ನೆಲ ಡೊಂಕು. ಎಲ್ಲೋ ನೀವೇ ಎಡವಟ್ಟು ಮಾಡಿದ್ದೀರಿ.” ಪೆನ್‌ಡ್ರೈವಿಗೆ ಹಾಕಿ ಕೊಟ್ಟ. “ಇದೂ ಬರದಿದ್ರೆ ನನ್ನ ಮೀಸೆ ಬೋಳಿಸ್ಕೊಳ್ತೀನಿ.”

“ಕತ್ತಿ ಸಾಣೆ ಹಿಡಿಸಿಡು,” ಎಂದು ಕೋನಣ್ಣ ಎದ್ದ.

ಆ ಫೈಲೂ ಮೂಕವಾಗಿತ್ತು. ಭಾನುವಾರ ಮಧ್ಯಾಹ್ನ ಅವನು ಅಂಗಡಿಗೆ ಹೋಗಿ ಮುಳ್ಳಿನ ಮೀಟರನ್ನು ತಂದ. ಸ್ಪೀಕರಿಗೆ ಕರೆಂಟು ಹೋಗುತ್ತಿದೆಯೋ ಇಲ್ಲವೋ ನೋಡುವುದು ಈ ಕಸುಬಿನ ಮೊದಲ ಪಾಠ. ಇಷ್ಟು ದಿನ ಯಾಕೆ ನೋಡಲಿಲ್ಲ ಎಂದು ಯಾರಾದರೂ ಕೇಳಿದ್ದರೆ, ಮೀಟರು ಅಂಗಡಿಯಲ್ಲಿತ್ತು ಎನ್ನುತ್ತಿದ್ದ. ಈಗಲೂ ಅವನ ಮನಸ್ಸಿನಲ್ಲಿದ್ದದ್ದು ಬೇರೆ: ಮುಳ್ಳು ಅಲ್ಲಾಡದೆ ಮಲಗಿರುವುದನ್ನು ಫೋನಿನಲ್ಲಿ ವಿಡಿಯೊ ಹಿಡಿದು ಕಳಿಸಬೇಕು, ಆ ಮೀಸೆಯನ್ನು ಬೋಳಿಸಬೇಕು.

ಎರಡು ತಂತಿಗಳನ್ನು ಸ್ಪೀಕರಿನ ಹಿಂಬದಿಗೆ ಸಿಕ್ಕಿಸಿದ. ದೋಣಿಯನ್ನು ಕೆರೆಗೆ ಇಳಿಸಿ ಹುಟ್ಟು ಹಾಕುವುದನ್ನು ನಿಲ್ಲಿಸಿದ. ಕೋಣೆ ನಿಶ್ಶಬ್ದವಾಯಿತು. ಫೋನು ಎತ್ತಿ ಹಿಡಿದ.

ಮುಳ್ಳು ಎದ್ದಿತು.

ಸಣ್ಣಗೆ ಮೂರು ಸಲ ಮಿಡುಕಿತು. ಆಮೇಲೆ ಒಮ್ಮೆ ಏರಿ, ನಡುಗುತ್ತ ನಿಂತು, ಮೆಲ್ಲಗೆ ಇಳಿಯಿತು. ಮತ್ತೆ ಮೂರು ಸಲ ಮಿಡುಕು, ಮತ್ತೆ ಒಂದು ಉದ್ದ. ಕೋನಣ್ಣ ಫೋನನ್ನು ಕೆಳಗಿಟ್ಟ. ರಾಗವನ್ನು ಅವನು ಕಣ್ಣಿನಿಂದ ಓದುತ್ತಿದ್ದ, ಒಂದು ಸ್ವರವೂ ತಪ್ಪದೆ. ಎದ್ದು ಹೋಗಿ ಕಿವಿಯನ್ನು ಸ್ಪೀಕರಿಗೆ ಒತ್ತಿದ. ಮರದ ಪೆಟ್ಟಿಗೆ ತಣ್ಣಗಿತ್ತು. ಸದ್ದು ಹೆಚ್ಚಿಸಿದ, ಮುಳ್ಳು ಇನ್ನಷ್ಟು ಮೇಲೇರಿ ಕುಣಿಯಿತು. ಸ್ಪೀಕರಿನೊಳಗೆ ಏನೂ ಇರಲಿಲ್ಲ, ಅವನು ಒಂದು ವರ್ಷದಿಂದ ಎಲ್ಲ ಸ್ಪೀಕರುಗಳಲ್ಲೂ ಕೇಳಿಸಿಕೊಂಡು ಬಂದಿದ್ದ ಅದೇ ಏನೂ ಇಲ್ಲದ್ದು.

ಆರು ಸ್ಪೀಕರುಗಳು ಈ ಹೊತ್ತಿಗೆ ಸಭಾಂಗಣದ ಗೋಡೆ ಏರಿರುತ್ತವೆ. ಅವುಗಳಲ್ಲಿ ಒಂದು ಉಜ್ಜುತ್ತಿರಬಹುದು, ಮೂರು ಉಜ್ಜುತ್ತಿರಬಹುದು. ಓಡಿಹೋಗಿ ಇಳಿಸಿಕೊಂಡು ಬಂದರೂ ಯಾವುದೆಂದು ಹೇಳಬಲ್ಲವನು ಅವನಲ್ಲ. ಮೂವತ್ತೈದು ವರ್ಷ ಒಡೆದ ಸ್ಪೀಕರುಗಳ ಬಾಯಿಗೆ ಕಿವಿ ಕೊಟ್ಟು ಕೊಟ್ಟು, ಕೊನೆಗೆ ಕಿವಿಯನ್ನು ಅವಕ್ಕೇ ಕೊಟ್ಟುಬಿಟ್ಟಿದ್ದ. ಕಿವಿಗೆ ಹೊಸ ಕೋನ್ ಹಾಕುವವರು ಇಲ್ಲ ಎಂಬುದನ್ನು ರಿಪೇರಿಯವನಾದ ಅವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಬಾಗಿಲು ತೆರೆದದ್ದು ಅವನಿಗೆ ಗೊತ್ತಾಗಲಿಲ್ಲ. ತಿರುಗಿದಾಗ ಹೆಂಡತಿ ಹೊಸಿಲ ಮೇಲೆ ನಿಂತಿದ್ದಳು, ಡ್ಯೂಟಿಯ ಚೀಲ ಇನ್ನೂ ಹೆಗಲಲ್ಲಿ. ಚಪ್ಪಲಿ ಒಂದು ಕಾಲಲ್ಲಿತ್ತು, ಒಂದು ಬಿಟ್ಟಿದ್ದಳು. ತಲೆ ಒಂದಿಷ್ಟು ವಾಲಿತ್ತು. ಬಿಲ್ಲೆಯ ಮೇಜಿನ ಹಿಂದೆ ಕೂತಿದ್ದ ಹುಡುಗಿಯ ಮುಖ ಅವಳ ಮುಖದೊಳಗೆ ಬಂದು ನಿಂತಿತ್ತು. ಎಷ್ಟು ಹೊತ್ತಿನಿಂದ ಹಾಗೆ ನಿಂತಿದ್ದಳೋ. ಅವನು ನೋಡುತ್ತಿದ್ದಾನೆ ಎಂದು ತಿಳಿದೊಡನೆ ಅವಳು ಎರಡನೇ ಚಪ್ಪಲಿಯನ್ನೂ ಬಿಟ್ಟು, ಚೀಲವನ್ನು ಕುರ್ಚಿಗೆ ನೇತುಹಾಕಿದಳು.

“ಬರ್ತಿದೆಯಾ?” ಎಂದು ಅವನು ಕೇಳಿದ.

ಅವಳು ಸ್ಪೀಕರನ್ನು ನೋಡಿದಳು. ಆಮೇಲೆ ಅವನನ್ನು. ಈಚೆಗೆ ಅವಳು ಅವನೊಂದಿಗೆ ಮಾತಾಡುವಾಗ ಯಾವಾಗಲೂ ಎದುರಿಗೇ ಬಂದು, ಬಾಯಿ ಕಾಣುವಂತೆ ನಿಂತು ಮಾತಾಡುತ್ತಿದ್ದಳು ಎಂಬುದು ಕೋನಣ್ಣನಿಗೆ ಆ ಗಳಿಗೆಯಲ್ಲಿ ಗಮನಕ್ಕೆ ಬಂತು. ಈಗಲೂ ಹಾಗೇ ಬಂದು ನಿಂತಳು.

“ಇಲ್ಲ ರೀ,” ಎಂದಳು. “ಏನೂ ಬರ್ತಿಲ್ಲ.”

“ಏನೂ?”

“ಏನೂ ಇಲ್ಲ. ಆ ಫೈಲೇ ಸರಿ ಇಲ್ಲ ಅಂತ ಕಾಣುತ್ತೆ. ನೀವು ಹೇಳಿದ್ರಲ್ಲ ಅವತ್ತೇ, ಮೂಕ ಅಂತ.”

ಮೇಜಿನ ಮೇಲೆ ಮುಳ್ಳು ಮೂರು ಸಲ ಮಿಡುಕಿತು, ಒಮ್ಮೆ ಏರಿ ನಿಂತಿತು. ಅವಳಿಗೆ ಅದರ ಭಾಷೆ ಗೊತ್ತಿರಲಿಲ್ಲ.

“ಆ ಜೆರಾಕ್ಸಿನವನಿಗೆ ನಾನೇ ಹೇಳ್ತೀನಿ,” ಎಂದು ಅವಳು ಬೇಗ ಬೇಗ ಮಾತಾಡತೊಡಗಿದಳು. “ಬೇರೆ ಯಾರ ಹತ್ರಾನಾದ್ರೂ ಸಿಗುತ್ತೇನೋ ನೋಡು ಅಂತ. ಅವನದ್ದೇನು, ಕಾಗದಕ್ಕೆ ಮಸಿ ಬಳಿಯೋನಿಗೆ ಸಂಗೀತದ ಗಂಧ ಎಲ್ಲಿಂದ ಬರಬೇಕು. ನೀವು ತಲೆ ಕೆಡಿಸ್ಕೋಬೇಡಿ. ಕಂಪ್ಯೂಟರ್ ಆರಿಸಿ, ಕೈ ತೊಳ್ಕೊಳ್ಳಿ. ನಂಗೂ ಹಸಿವು, ಬಿಸಿ ಮಾಡ್ತೀನಿ. ಇವತ್ತು ಕಿಟಕಿ ಹತ್ರ ಏನಾಯ್ತು ಗೊತ್ತಾ, ಒಬ್ಬರು ಅಜ್ಜ ಬಂದು...”

ಅವಳ ತುಟಿಗಳು ಅಜ್ಜನ ಕತೆ ಹೇಳುತ್ತಿದ್ದವು. ಕಣ್ಣು ಮಾತ್ರ ಕತೆಯಲ್ಲಿರಲಿಲ್ಲ. ಕೋನಣ್ಣ ಮೀಟರಿನ ತಂತಿಗಳನ್ನು ಕಿತ್ತು ಸುತ್ತಿ, ಮೇಜಿನ ತುದಿಗೆ ಸರಿಸಿದ. ಎದ್ದ. ಅವಳ ಪಕ್ಕದಿಂದಲೇ ಹಾದು ಬಾಗಿಲ ಬಳಿ ಚಪ್ಪಲಿ ಮೆಟ್ಟಿದ.

“...ಅಜ್ಜ ಏನಂದ್ರು ಅಂದ್ರೆ, ಕೇಳಿ, ರೀ, ಎಲ್ಲಿಗೆ, ಊಟ...”

ಬೆಳಗಾಗುವ ಮುನ್ನ ಯಜಮಾನರಿಗೆ ಹೇಳಿಬಿಡಲೆಂದು ಅವನು ಆಗಲೇ ಬೆನ್ನು ತಿರುಗಿಸಿ ಮೆಟ್ಟಿಲು ಇಳಿಯುತ್ತಿದ್ದ.